‘ಸ್ಟ್ಯಾಂಡ್ ಬೈ ಮಿ’ ಕವರ್ ಮಾಡುವುದು ಹೇಗೆ: ಬೇಸ್‌ನಿಂದ ಶುರು ಮಾಡಿ

ಅಮೆರಿಕದ ಗಾಯಕ ಬೆನ್ ಇ. ಕಿಂಗ್ ಹಾಡಿದ ‘ಸ್ಟ್ಯಾಂಡ್ ಬೈ ಮಿ’ಯನ್ನು ಕವರ್ ಮಾಡಲು, ಅಂದರೆ ತಮ್ಮದೇ ರೀತಿಯಲ್ಲಿ ಮತ್ತೆ ಹಾಡಲು, ಕೂರುವವರು ಸಾಮಾನ್ಯವಾಗಿ ಮೊದಲು ಗಿಟಾರ್ ಎತ್ತಿಕೊಂಡು ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಂಪು) ಬಾರಿಸುತ್ತಾರೆ. ಹಾಡು ಅಲ್ಲೇ ಅರ್ಧ ಕೈಬಿಟ್ಟು ಹೋಗಿರುತ್ತದೆ. ಅದೇ ನಾಲ್ಕು ಕಾರ್ಡ್ ಐವತ್ತು-ಅರವತ್ತರ ದಶಕದ ಲೆಕ್ಕವಿಲ್ಲದಷ್ಟು ಅಮೆರಿಕನ್ ಹಾಡುಗಳಲ್ಲಿವೆ. ಈ ಹಾಡನ್ನು ಎರಡು ಸೆಕೆಂಡಿನಲ್ಲಿ ಗುರುತು ಹಿಡಿಸುವುದು ಕಾರ್ಡ್ ಅಲ್ಲ, ಮಾತೂ ಅಲ್ಲ, ಕೆಳಸ್ಥಾಯಿಯಲ್ಲಿ ನಡೆಯುವ ಬೇಸ್. ಹಾಗಾಗಿ ಈ ಬರಹದಲ್ಲಿ ಬೇಸ್ ಮೊದಲು, ಕಾರ್ಡ್ ಆಮೇಲೆ, ದನಿ ಕೊನೆಗೆ.

ಹಿನ್ನೆಲೆ ಇಷ್ಟು ತಿಳಿದಿದ್ದರೆ ಸಾಕು. ಡ್ರಿಫ್ಟರ್ಸ್ ತಂಡವನ್ನು ಬಿಟ್ಟು ಹೊರಬಂದ ಕಿಂಗ್ 1960ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಇದನ್ನು ಧ್ವನಿಮುದ್ರಿಸಿದರು. ‘ಸ್ಪ್ಯಾನಿಷ್ ಹಾರ್ಲೆಮ್’ ಕೂಡ ಅದೇ ಕೂಟದಲ್ಲಿ ಮುದ್ರಣವಾಯಿತು. ನಿರ್ಮಾಪಕರು ಜೆರ್ರಿ ಲೀಬರ್ ಮತ್ತು ಮೈಕ್ ಸ್ಟಾಲರ್. ಹಾಡಿನ ರಚನೆಯೂ ಕಿಂಗ್ ಸೇರಿ ಈ ಮೂವರದೇ. ಬೇಸ್ ನುಡಿಸಿದವರು ಲಾಯ್ಡ್ ಟ್ರಾಟ್‌ಮನ್, ತಂತಿವಾದ್ಯಗಳ ಸಂಯೋಜನೆ ಸ್ಟ್ಯಾನ್ಲಿ ಆ್ಯಪಲ್‌ಬಾಮ್ ಅವರದು. ಆಟ್ಕೋ ಲೇಬಲ್‌ನಲ್ಲಿ 1961ರಲ್ಲಿ ಹೊರಬಂದಾಗ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಮೊದಲ ಸ್ಥಾನ, ಪಾಪ್ ಪಟ್ಟಿಯಲ್ಲಿ 4ನೇ ಸ್ಥಾನ. ಇಪ್ಪತ್ತೈದು ವರ್ಷದ ನಂತರ, 1986ರಲ್ಲಿ, ಹಾಡಿನ ಹೆಸರನ್ನೇ ಇಟ್ಟುಕೊಂಡ ಚಿತ್ರವೊಂದರ ದೆಸೆಯಿಂದ ಮತ್ತೆ ಪಟ್ಟಿ ಹತ್ತಿ ಅಮೆರಿಕದಲ್ಲಿ 9ಕ್ಕೆ ತಲುಪಿತು. 1987ರಲ್ಲಿ ಜೀನ್ಸ್ ಜಾಹೀರಾತಿನ ಬೆನ್ನೇರಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇ ಹೋಯಿತು. ಒಂದೇ ಮುದ್ರಣ, ಎರಡು ಬಾರಿ ಹಿಟ್.

ಬೇರು ಇನ್ನೂ ಹಿಂದಕ್ಕಿದೆ. ಚಾರ್ಲ್ಸ್ ಆಲ್ಬರ್ಟ್ ಟಿಂಡ್ಲಿ ಬರೆದ ಇದೇ ಹೆಸರಿನ ಚರ್ಚ್ ಗೀತೆ 1905ರದು. ಸೋಲ್ ಸ್ಟಿರರ್ಸ್ ತಂಡದ ಗಾಸ್ಪೆಲ್ ಹಾಡು ‘ಸ್ಟ್ಯಾಂಡ್ ಬೈ ಮಿ ಫಾದರ್’ ಕಿಂಗ್‌ಗೆ ಪ್ರೇರಣೆ. ಬೆಟ್ಟಗಳು ಕಳಚಿ ಕಡಲಿಗೆ ಬಿದ್ದರೂ ಎನ್ನುವ ಚಿತ್ರ ಬೈಬಲಿನ 46ನೇ ಕೀರ್ತನೆಯಲ್ಲಿದೆ. ದೇವರನ್ನು ಕರೆಯುತ್ತಿದ್ದ ಮಾತು ಇಲ್ಲಿ ನಲ್ಲೆಯನ್ನು ಕರೆಯುತ್ತದೆ. ಹಾಡುವಾಗ ಇದು ನೆನಪಿನಲ್ಲಿರಬೇಕು, ಏಕೆಂದರೆ ಬರೀ ಪ್ರೇಮಗೀತೆ ಎಂದುಕೊಂಡು ಕೊಸರಿ ಹಾಡಿದರೆ ಪ್ರಾರ್ಥನೆಯ ಅಂಶ ಉದುರಿಹೋಗುತ್ತದೆ.

ಎಂಟು ಬಾರ್‌ಗಳ ಸುತ್ತು

ಇಡೀ ಹಾಡು ಎಂಟು ಬಾರ್‌ಗಳ ಒಂದೇ ಸುತ್ತು. ಬಾರ್ ಅಂದರೆ ಇಲ್ಲಿ ನಾಲ್ಕು ಹೊಡೆತಗಳ ಒಂದು ಅಳತೆ. ಪದ್ಯಕ್ಕೂ ಪಲ್ಲವಿಗೂ ಬೇರೆ ಕಾರ್ಡ್ ಇಲ್ಲ, ಮಧ್ಯದಲ್ಲಿ ಶ್ರುತಿಯೂ ಬದಲಾಗುವುದಿಲ್ಲ. ಮೂಲ ಶ್ರುತಿ ಎ ಮೇಜರ್, ಶ್ರುತಿಪೆಟ್ಟಿಗೆಯ ಲೆಕ್ಕದಲ್ಲಿ ಆರನೆಯ ಮನೆ. ಎ ಎರಡು ಬಾರ್, ಎಫ್ ಶಾರ್ಪ್ ಮೈನರ್ ಎರಡು ಬಾರ್, ಡಿ ಒಂದು, ಇ ಒಂದು, ಮತ್ತೆ ಎ ಎರಡು. ವೇಗ ನಿಮಿಷಕ್ಕೆ ಸುಮಾರು 118 ಹೊಡೆತ. ಆ ವೇಗದಲ್ಲಿ ಒಂದು ಬಾರ್‌ಗೆ ಎರಡು ಸೆಕೆಂಡ್, ಒಂದು ಸುತ್ತಿಗೆ ಹದಿನಾರು ಸೆಕೆಂಡ್ ಚಿಲ್ಲರೆ. ಮೂರು ನಿಮಿಷದ ಹಾಡಿನಲ್ಲಿ ಸರಿಸುಮಾರು ಹನ್ನೊಂದು ಸುತ್ತು: ಮುನ್ನುಡಿಗೆ ಒಂದು, ಪ್ರತಿ ಪದ್ಯಕ್ಕೆ ಎರಡು, ಪ್ರತಿ ಪಲ್ಲವಿಗೆ ಒಂದು, ತಂತಿವಾದ್ಯಗಳ ಭಾಗಕ್ಕೆ ಎರಡು, ಉಳಿದದ್ದು ಪಲ್ಲವಿ ಹಾಡುತ್ತ ಕರಗುವುದಕ್ಕೆ.

ಕೈಯಲ್ಲಿ ತಾಳ ಹಾಕುವ ಅಭ್ಯಾಸ ಇರುವವರಿಗೆ ಇಲ್ಲೊಂದು ಅನುಕೂಲವಿದೆ. ಒಂದು ಬಾರ್ ಅಂದರೆ ಒಂದು ಅಕ್ಷರ ಎಂದುಕೊಂಡು ಆದಿತಾಳ ಹಾಕಿ. ಲಘುವಿನ ನಾಲ್ಕು ಅಕ್ಷರಕ್ಕೆ ಮೊದಲೆರಡು ಕಾರ್ಡ್, ಮೊದಲ ದ್ರುತಕ್ಕೆ ಡಿ ಮತ್ತು ಇ, ಎರಡನೆಯ ದ್ರುತಕ್ಕೆ ಮರಳಿ ಎ. ನಾಲ್ಕು-ಎರಡು-ಎರಡು, ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಹಾಡಿಗೂ ಕರ್ನಾಟಕ ಸಂಗೀತಕ್ಕೂ ಇದರಿಂದ ಯಾವ ನಂಟೂ ಹುಟ್ಟುವುದಿಲ್ಲ. ಆದರೆ ‘ಎಷ್ಟನೆಯ ಬಾರ್‌ನಲ್ಲಿದ್ದೇನೆ’ ಎಂದು ಕಳೆದುಹೋಗುವವರಿಗೆ ಬೆರಳೆಣಿಕೆ ದಾರಿ ತೋರಿಸುತ್ತದೆ.

ಇಷ್ಟು ಸಲ ತಿರುಗಿದರೂ ಸುತ್ತು ಬೇಸರ ತರಿಸದಿರುವುದಕ್ಕೆ ಕಾರಣ ಸ್ವರಗಳಲ್ಲೇ ಇದೆ. ಎ ಅನ್ನು ಸ ಎಂದಿಟ್ಟುಕೊಳ್ಳಿ. ಮೊದಲ ಕಾರ್ಡ್ ಸ-ಗ-ಪ. ಎರಡನೆಯದು ಧ-ಸ-ಗ. ಬದಲಾದದ್ದು ಒಂದೇ ಸ್ವರ, ಪ ಹೋಗಿ ಧ ಬಂತು. ಮೂರನೆಯದು ಮ-ಧ-ಸ, ಅಲ್ಲೂ ಒಂದೇ ಸ್ವರದ ಬದಲಾವಣೆ, ಗ ಹೋಗಿ ಮ. ನಾಲ್ಕನೆಯದಕ್ಕೆ ಬಂದಾಗ ಮಾತ್ರ ಮೂರೂ ಸ್ವರ ಒಟ್ಟಿಗೆ ಜಾಗ ಬಿಡುತ್ತವೆ: ಪ-ನಿ-ರಿ. ಅದೂ ಎರಡು ಬಾರ್ ಕಾಯದೆ, ಒಂದೇ ಬಾರ್‌ನಲ್ಲಿ. ಮೊದಲು ಮೆಲ್ಲಗೆ ಸರಿದು, ಆಮೇಲೆ ಬೇಗ ಸರಿದು, ಮತ್ತೆ ಮನೆಗೆ. ಆರನೆಯ ಬಾರ್‌ನ ಈ ಎಳೆತವನ್ನು ಕೆಡಿಸಿದರೆ ಹಾಡು ಜೋಲು ಬೀಳುತ್ತದೆ. ಕೀಬೋರ್ಡ್ ನುಡಿಸುವವರು ಬಲಗೈಯನ್ನು ಅತ್ತಿತ್ತ ನೆಗೆಸದೆ ಗ-ಪ-ಸ, ಗ-ಧ-ಸ, ಮ-ಧ-ಸ, ರಿ-ಪ-ನಿ ಎಂದು ಹತ್ತಿರ ಹತ್ತಿರವೇ ಹಿಡಿದರೆ ಇದು ತಾನಾಗಿ ಕೇಳಿಸುತ್ತದೆ. ಹಾರ್ಮೋನಿಯಂನಲ್ಲೂ ಇದೇ ಹಿಡಿತ ಸಾಕು.

ಬೇಸ್

ಲಯದ ಗುಟ್ಟು ಬ್ರೆಜಿಲ್ ಮೂಲದ ಬಯಾವ್ ನಡೆ. ಲೀಬರ್ ಮತ್ತು ಸ್ಟಾಲರ್ ಅದನ್ನು ಡ್ರಿಫ್ಟರ್ಸ್ ಹಾಡುಗಳಲ್ಲಿ ಆಗಲೇ ಬಳಸಿದ್ದರು. ಒಂದು ಬಾರ್‌ನ ಎಂಟು ಅರೆ-ಹೊಡೆತಗಳನ್ನು ಮೂರು-ಮೂರು-ಎರಡು ಎಂದು ಒಡೆಯುವುದೇ ಆ ನಡೆ. ‘ಒನ್ ಅಂಡ್ ಟೂ ಅಂಡ್’ ಎಂದು ಎಣಿಸಿ ಒದ್ದಾಡುವ ಬದಲು ‘ತಕಿಟ ತಕಿಟ ತಕ’ ಎನ್ನಿ. ಬೇಸ್ ಬೀಳುವುದು ಮೊದಲ ‘ತ’ ಮೇಲೆ, ಎರಡನೆಯ ‘ತ’ ಮೇಲೆ, ಕೊನೆಯ ‘ತಕ’ದ ಎರಡೂ ಅಕ್ಷರಗಳ ಮೇಲೆ. ಮೊದಲೆರಡು ಹೊಡೆತ ಆಯಾ ಕಾರ್ಡ್‌ನ ಮೂಲ ಸ್ವರ. ಕೊನೆಯ ಎರಡು ಮುಂದಿನ ಬಾರ್‌ಗೆ ಕೈ ಹಿಡಿದು ಕರೆದೊಯ್ಯುವ ಸ್ವರಗಳು.

ಮನೆಯ ಅಭ್ಯಾಸಕ್ಕೆ ಸರಳ ಮಾಡಿಕೊಂಡ ಪಾಠ ಹೀಗಿದೆ. ಮೇಲಿನ ಸ ಒಂದನ್ನು ಬಿಟ್ಟು ಉಳಿದ ಸ್ವರಗಳೆಲ್ಲ ಅದರ ಕೆಳಗಿನವು. ನಡುವಿನ ಗೆರೆಯ ನಂತರದ್ದು ‘ತಕ’.

ಬಾರ್ 1: ಸ, ಸ | ಪ ನಿ
ಬಾರ್ 2: ಸ, ಸ | ಸ ನಿ
ಬಾರ್ 3: ಧ, ಧ | ಗ ಪ
ಬಾರ್ 4: ಧ, ಧ | ಧ ಪ
ಬಾರ್ 5: ಮ, ಮ | ಗ ಮ
ಬಾರ್ 6: ಪ, ಪ | ಪ ನಿ
ಬಾರ್ 7: ಸ, ಸ | ಪ ನಿ
ಬಾರ್ 8: ಸ, ಸ | ಪ ನಿ

ಬೇಸ್ ಗಿಟಾರ್‌ನಲ್ಲಿ ಎಲ್ಲವೂ ಎರಡೇ ತಂತಿಯ ಮೇಲೆ, 4ರಿಂದ 7ನೇ ಫ್ರೆಟ್‌ನೊಳಗೆ ಸಿಗುತ್ತವೆ (ಫ್ರೆಟ್ ಅಂದರೆ ವಾದ್ಯದ ಕತ್ತಿನ ಮೇಲಿನ ಅಡ್ಡಪಟ್ಟಿ). ಎ ತಂತಿಯ 4ನೇ ಫ್ರೆಟ್ ಗ, 5ನೇದು ಮ, 7ನೇದು ಪ. ಡಿ ತಂತಿಯ 4ನೇ ಫ್ರೆಟ್ ಧ, 6ನೇದು ನಿ, 7ನೇದು ಸ. ತೋರುಬೆರಳನ್ನು 4ರ ಮೇಲೆ, ಕಿರುಬೆರಳನ್ನು 7ರ ಮೇಲೆ ಇಟ್ಟರೆ ಕೈ ಸರಿಸುವ ಪ್ರಮೇಯವೇ ಇಲ್ಲ. ಬೇಸ್ ಇಲ್ಲದವರು ಮಾಮೂಲಿ ಗಿಟಾರ್‌ನ ಅದೇ ತಂತಿ, ಅದೇ ಫ್ರೆಟ್ ಬಳಸಬಹುದು. ಒಂದು ಸ್ಥಾಯಿ ಮೇಲೆ ಕೇಳುತ್ತದೆ, ಅಷ್ಟೆ.

ಎಡವುವ ಜಾಗಗಳು ಮೂರು. ಮೊದಲನೆಯದು, ಎರಡನೆಯ ಹೊಡೆತವನ್ನು ಮೂರನೆಯ ಎಣಿಕೆಯ ಮೇಲೆ ಹಾಕಿಬಿಡುವುದು. ಆಗ ಮೂರು-ಮೂರು-ಎರಡು ಹೋಗಿ ನಾಲ್ಕು-ನಾಲ್ಕು ಆಗುತ್ತದೆ, ಹಾಡು ಮೆರವಣಿಗೆಯ ಬ್ಯಾಂಡ್‌ನಂತೆ ನಡೆಯುತ್ತದೆ. ಸರಿಪಡಿಸಲು ವಾದ್ಯ ಕೆಳಗಿಟ್ಟು, ಕಾಲಿನಲ್ಲಿ ನಾಲ್ಕು ಎಣಿಕೆ ತಟ್ಟುತ್ತ ಬಾಯಲ್ಲಿ ತಕಿಟ ತಕಿಟ ತಕ ಹೇಳಿ. ಎರಡನೆಯ ‘ತ’ ಬರುವಾಗ ಕಾಲು ಗಾಳಿಯಲ್ಲಿರಬೇಕು. ಎರಡನೆಯದು, ಕೊನೆಯ ‘ತಕ’ವನ್ನು ಅವಸರಿಸುವುದು. ಕ್ಲಿಕ್ (ಮೆಟ್ರೊನೋಮ್‌ನ ಸಮ ಟಿಕ್‌ಟಿಕ್) ಹಾಕಿಕೊಂಡು ನುಡಿಸಿದಾಗ ಪ್ರತಿ ಬಾರ್‌ನ ಮೊದಲ ಹೊಡೆತ ಕ್ಲಿಕ್‌ಗಿಂತ ಮುಂಚೆ ಬೀಳುತ್ತಿದ್ದರೆ ತಪ್ಪು ಅಲ್ಲಲ್ಲ, ಅದರ ಹಿಂದಿನ ‘ತಕ’ದಲ್ಲಿರುತ್ತದೆ. ವೇಗವನ್ನು 80ಕ್ಕೆ ಇಳಿಸಿ, ಸರಿಹೋದ ಮೇಲೆ 6-6 ಏರಿಸುತ್ತ ಬನ್ನಿ. ಮೂರನೆಯದು, ಸ್ವರಗಳನ್ನು ಒಂದಕ್ಕೊಂದು ಅಂಟಿಸುವುದು. ಎರಡನೆಯ ಹೊಡೆತದ ನಂತರ ಬೆರಳನ್ನು ಸಡಿಲಿಸಿ ತಂತಿ ಮುಚ್ಚಬೇಕು. ಆ ಸಣ್ಣ ಮೌನ ಇಲ್ಲದಿದ್ದರೆ ‘ತಕ’ಕ್ಕೆ ಪುಟಿಯಲು ನೆಲವಿಲ್ಲ. ಒಂದು ಮಾತು ಸೇರಿಸಬೇಕು: ಇಲ್ಲಿ ಅರೆ-ಹೊಡೆತಗಳು ಸಮ. ಬ್ಲೂಸ್ ಶಫಲ್‌ನಂತೆ ಒಂದನ್ನು ಉದ್ದ, ಮುಂದಿನದನ್ನು ಗಿಡ್ಡ ಮಾಡಿ ತೂಗಿಸಬೇಡಿ.

ಕವರ್‌ಗಳನ್ನು ಕೇಳುವ ಕ್ರಮ

ಈ ಹಾಡಿಗೆ ನೂರಾರು ಕವರ್ ಇವೆ. ಎಲ್ಲ ಕೇಳುವುದು ಸಮಯ ಹಾಳು. ಏಳೆಂಟನ್ನು ಸರಿಯಾಗಿ ಕೇಳಿ, ಪ್ರತಿಯೊಂದಕ್ಕೂ ಕಾಗದದ ಮೇಲೆ ನಾಲ್ಕು ಪ್ರಶ್ನೆಗೆ ಉತ್ತರ ಬರೆಯಿರಿ. ಬೇಸ್ ಗೆರೆ ಉಳಿದಿದೆಯೇ? ಮೂರು-ಮೂರು-ಎರಡು ಉಳಿದಿದೆಯೇ? ಕಾರ್ಡ್ ಬದಲಾಗುವ ಜಾಗ ಅದೇನಾ? ರಾಗದ ಗೆರೆಯನ್ನು ಎಷ್ಟು ದೂರ ಎಳೆದಿದ್ದಾರೆ? ಮೊದಲ ಬಾರಿ ಪೂರ್ತಿ ಕೇಳಿ. ಎರಡನೆಯ ಬಾರಿ ಬೇಸ್ ಒಂದನ್ನೇ ಹಿಂಬಾಲಿಸಿ. ಮೂರನೆಯ ಬಾರಿ ದನಿ ಒಂದನ್ನೇ. ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡಿ, ಅದರಲ್ಲಿ ಬೇಸ್ ಅರ್ಧಕ್ಕರ್ಧ ಮಾಯವಾಗಿರುತ್ತದೆ.

ಮೊದಲು ಕೇಳಬೇಕಾದದ್ದು 1961ರ ಮೂಲವನ್ನೇ, ಅದರಲ್ಲಿ ಏನು ಇಲ್ಲ ಎಂದು ಗಮನಿಸುತ್ತ. ಆರಂಭದಲ್ಲಿ ಬೇಸ್, ಒಂದು ಕೆರೆಯುವ ಸದ್ದು, ಟ್ರಯಾಂಗಲ್‌ನ ಕಿಣಿ, ಹೆಚ್ಚೆಂದರೆ ಒಂದು ಗಿಟಾರ್. ಅಬ್ಬರದ ಡ್ರಮ್ ಇಲ್ಲ. ತಂತಿವಾದ್ಯಗಳು ಮೊದಲ ಪದ್ಯದಲ್ಲಿ ಬಾಯಿ ತೆರೆಯುವುದಿಲ್ಲ. ಆಮೇಲೆ ಬಂದು, ಎರಡನೆಯ ಪಲ್ಲವಿ ಮುಗಿದ ಮೇಲೆ ಇಡೀ ಅಂಗಳವನ್ನೇ ತುಂಬುತ್ತವೆ. ಅಂದರೆ ಸುತ್ತು ಬದಲಾಗದಿದ್ದರೂ ಸುತ್ತಿನ ತೂಕ ಏರುತ್ತ ಹೋಗುತ್ತದೆ. ಕವರ್ ಮಾಡುವವರು ಕಲಿಯಬೇಕಾದ ದೊಡ್ಡ ಪಾಠ ಇದೇ. ಮೊದಲ ಸುತ್ತಿನಲ್ಲೇ ಎಲ್ಲ ವಾದ್ಯ ಸುರಿದವರ ಕೈಯಲ್ಲಿ ಕೊನೆಯ ಸುತ್ತಿಗೆ ಏನೂ ಉಳಿದಿರುವುದಿಲ್ಲ.

ಜಾನ್ ಲೆನನ್ ಅವರ 1975ರ ಕವರ್ ‘ರಾಕ್ ಅಂಡ್ ರೋಲ್’ ಆಲ್ಬಮ್‌ನಲ್ಲಿದೆ. ಬಿಡಿಯಾಗಿ ಬಂದದ್ದು ಅಮೆರಿಕದ ಪಟ್ಟಿಯಲ್ಲಿ 20ರವರೆಗೆ ಹೋಯಿತು. ಇಲ್ಲಿ ಬಾಗಿಲು ತೆರೆಯುವುದು ಬೇಸ್ ಅಲ್ಲ, ಅಕೌಸ್ಟಿಕ್ ಗಿಟಾರ್‌ನ ಬಿರುಸಿನ ಸ್ಟ್ರಮ್ಮಿಂಗ್. ಕಿಂಗ್ ಧೈರ್ಯ ಹೇಳುವ ದನಿಯಲ್ಲಿ ಹಾಡಿದ್ದನ್ನು ಲೆನನ್ ಗಂಟಲು ಬಿರಿದು ಬೇಡುತ್ತಾರೆ. ತಂತಿವಾದ್ಯಗಳಿದ್ದ ಜಾಗಕ್ಕೆ ಸ್ಲೈಡ್ ಗಿಟಾರ್ ಬಂದಿದೆ. ಸುತ್ತು ಮಾತ್ರ ಅದೇ. ಗಿಟಾರ್ ಹಿಡಿದು ಒಬ್ಬರೇ ಹಾಡುವವರಿಗೆ ಇದೇ ಒಳ್ಳೆಯ ಮಾದರಿ. ಆದರೆ ಆ ಗಂಟಲನ್ನು ನಕಲು ಮಾಡಲು ಹೋದರೆ ಎರಡನೆಯ ಪದ್ಯಕ್ಕೆ ದನಿ ಕೈಕೊಡುತ್ತದೆ.

ಒಟಿಸ್ ರೆಡಿಂಗ್ ಅವರ ಕವರ್ 1964ರ ‘ಪೇನ್ ಇನ್ ಮೈ ಹಾರ್ಟ್’ ಆಲ್ಬಮ್‌ನಲ್ಲಿದೆ. ಒಂದೇ ಬೇರಿನ ಸಂಗೀತದೊಳಗೆ ದನಿಯೊಂದೇ ಎಷ್ಟು ಬದಲಾವಣೆ ತರಬಲ್ಲದು ಎನ್ನುವುದಕ್ಕೆ ಕಿಂಗ್ ಪಕ್ಕದಲ್ಲಿಟ್ಟು ಕೇಳಿ. ಹೆಚ್ಚು ಕಡಿಮೆ ಅದೇ ಕಾಲದಲ್ಲಿ ಬಾಕ್ಸರ್ ಕ್ಯಾಷಿಯಸ್ ಕ್ಲೇ, ಅಂದರೆ ಮುಂದಿನ ಮುಹಮ್ಮದ್ ಅಲಿ, ಇದನ್ನು ಹಾಡಿ ಮುದ್ರಿಸಿದ್ದಾರೆ. ಅದು ಕುತೂಹಲಕ್ಕೆ ಮಾತ್ರ.

ಮಿಕ್ಕಿ ಗಿಲ್ಲಿ 1980ರಲ್ಲಿ ಹಾಡಿದ್ದು ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಪ್ರಿನ್ಸ್ ರಾಯ್ಸ್ 2010ರಲ್ಲಿ ಇದನ್ನು ಡೊಮಿನಿಕನ್ ನೃತ್ಯಸಂಗೀತವಾದ ಬಚಾಟಾ ಮಾಡಿ, ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಬೆರೆಸಿ ಹಾಡಿದರು. ಎರಡನೆಯದನ್ನು ಗಮನವಿಟ್ಟು ಕೇಳಿ. ಮೂಲದಲ್ಲಿ ಕೆರೆಯುವ ಸದ್ದು ಮೂಲೆಯಲ್ಲಿತ್ತು. ಬಚಾಟಾದಲ್ಲಿ ಗುಯಿರಾ ಎಂಬ ಲೋಹದ ಕೆರೆವಾದ್ಯವೇ ಬಾಂಗೋ ಜೊತೆ ಲಯ ನಡೆಸುತ್ತದೆ, ಗಿಟಾರ್ ಕಾರ್ಡ್‌ಗಳನ್ನು ಬಿಡಿಸಿ ಒಂದೊಂದೇ ಸ್ವರವಾಗಿ ಮೀಟುತ್ತದೆ. ಮೂಲದಲ್ಲೇ ಇದ್ದ ಲ್ಯಾಟಿನ್ ಎಳೆಯನ್ನು ಎಳೆದು ದೊಡ್ಡದು ಮಾಡಿದ್ದಾರೆ, ಹೊರಗಿನಿಂದ ತಂದು ಅಂಟಿಸಿಲ್ಲ. ಅದಕ್ಕೇ ಒಗ್ಗುತ್ತದೆ.

‘ಪ್ಲೇಯಿಂಗ್ ಫಾರ್ ಚೇಂಜ್’ ಬಳಗದ 2008ರ ವಿಡಿಯೊ ಬೇರೆ ಕಾರಣಕ್ಕೆ ಉಪಯುಕ್ತ. ಸ್ಯಾಂಟಾ ಮೋನಿಕಾದ ಬೀದಿಗಾಯಕ ರೋಜರ್ ರಿಡ್ಲಿ ಹಾಡಿದ ಮುದ್ರಣವನ್ನು ಊರಿಂದೂರಿಗೆ ಒಯ್ದು, ಪ್ರತಿ ಕಲಾವಿದರಿಗೂ ಹೆಡ್‌ಫೋನ್‌ನಲ್ಲಿ ಅಲ್ಲಿಯವರೆಗಿನದನ್ನು ಕೇಳಿಸಿ, ಅದರ ಮೇಲೆ ಹೊಸ ಪದರ ಮುದ್ರಿಸಿಕೊಂಡರು. ಬೆಂಗಳೂರಿನಲ್ಲೊಬ್ಬರು, ಧಾರವಾಡದಲ್ಲೊಬ್ಬರು, ದುಬೈಯಲ್ಲೊಬ್ಬರು ಇರುವ ಗೆಳೆಯರ ತಂಡಕ್ಕೆ ಇದೇ ವಿಧಾನ ಸರಿ.

ಟ್ರೇಸಿ ಚಾಪ್‌ಮನ್ 2015ರಲ್ಲಿ ಟಿವಿ ಕಾರ್ಯಕ್ರಮದಲ್ಲಿ ಗಿಟಾರ್ ಒಂದನ್ನೇ ಹಿಡಿದು ಹಾಡಿದ್ದು, ಮತ್ತು 2018ರ ಮೇ 19ರಂದು ವಿಂಡ್ಸರ್‌ನ ರಾಜಮನೆತನದ ಮದುವೆಯಲ್ಲಿ ಕರೆನ್ ಗಿಬ್ಸನ್ ನೇತೃತ್ವದ ಕಿಂಗ್‌ಡಮ್ ಕ್ವಾಯರ್ ಹಾಡಿದ್ದು, ಇವೆರಡನ್ನು ಒಂದರ ಹಿಂದೆ ಒಂದು ಕೇಳಿ. ಒಂದು ಒಂಟಿದನಿ, ಇನ್ನೊಂದು ದನಿಗಳ ರಾಶಿ. ಕ್ವಾಯರ್ ವೇಗ ಇಳಿಸಿ ಹಾಡನ್ನು ಅದರ ಹುಟ್ಟೂರಾದ ಗಾಸ್ಪೆಲ್‌ಗೇ ಮರಳಿ ಕರೆದೊಯ್ಯಿತು.

ಷಾನ್ ಕಿಂಗ್‌ಸ್ಟನ್ ಅವರ 2007ರ ‘ಬ್ಯೂಟಿಫುಲ್ ಗರ್ಲ್ಸ್’ ಕವರ್ ಅಲ್ಲ. ಈ ಬೇಸ್ ಗೆರೆಯ ಮೇಲೆ ಕಟ್ಟಿದ ಬೇರೆ ಹಾಡು. ಆದರೂ ಪಟ್ಟಿಯಲ್ಲಿರಲಿ: ಮಾತು ಬದಲಾದರೂ ರಾಗ ಬದಲಾದರೂ ಬೇಸ್ ಕೇಳಿದೊಡನೆ ಯಾವ ಹಾಡು ನೆನಪಾಗುತ್ತದೆ ನೋಡಿ.

ನಿಮ್ಮ ಕವರ್: ಒಂದನ್ನು ಹಿಡಿ, ಒಂದನ್ನು ಬಿಡಿ

ಕಾಗದದ ಮೇಲಿನ ಉತ್ತರಗಳನ್ನು ಸಾಲಾಗಿ ಇಟ್ಟು ನೋಡಿದರೆ ತೋರುವುದು ಇಷ್ಟು: ನಿಂತ ಕವರ್‌ಗಳೆಲ್ಲ ಸುತ್ತನ್ನು ಮುಟ್ಟಿಲ್ಲ. ಬೇಸ್, ಲಯ, ದನಿಯ ಮನಸ್ಸು, ಈ ಮೂರರಲ್ಲಿ ಒಂದೆರಡನ್ನು ಬದಲಿಸಿ ಉಳಿದದ್ದನ್ನು ಬಿಗಿಯಾಗಿ ಹಿಡಿದಿವೆ. ಮೂರನ್ನೂ ಬದಲಿಸಿದರೆ ಕೇಳುಗರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಮೂರನ್ನೂ ಹಾಗೇ ಇಟ್ಟರೆ ನಿಮ್ಮದನ್ನು ಯಾಕೆ ಕೇಳಬೇಕು, ಮೂಲವೇ ಇದೆಯಲ್ಲ. ಕಾರ್ಡ್‌ಗಳಿಗೆ ಒಗ್ಗರಣೆ ಹಾಕಿ ‘ಜಾಜ್’ ಮಾಡುವ ಆಸೆ ಹಲವರಿಗೆ ಬರುತ್ತದೆ. ಈ ಹಾಡಿನ ಮಟ್ಟಿಗೆ ಅದು ಕೆಟ್ಟ ಆಸೆ. ಒಂದೊಂದೇ ಸ್ವರ ಸರಿಯುವ ಚೆಲುವು ಸೆವೆಂತ್, ನೈಂತ್ ಎಂಬ ಹೆಚ್ಚುವರಿ ಸ್ವರಗಳ ಗುಂಪಿನಲ್ಲಿ ಮುಳುಗಿಹೋಗುತ್ತದೆ.

ಶ್ರುತಿ ಆರಿಸುವಾಗ ಪದ್ಯದಿಂದ ಪ್ರಾರಂಭಿಸಬೇಡಿ. ಪದ್ಯ ಕೆಳಗಿದೆ, ಪಲ್ಲವಿ ಎತ್ತರದಲ್ಲಿದೆ. ಪಲ್ಲವಿಯ ಅತಿ ಎತ್ತರದ ಜಾಗವನ್ನು ಮೊದಲು ಹಾಡಿ, ಗಂಟಲು ಬಿಗಿಯದೆ ಮೂರು ಬಾರಿ ಬಂದರೆ ಆ ಶ್ರುತಿ ನಿಮ್ಮದು. ಆಮೇಲೆ ಪದ್ಯದ ತಳ ಮುಟ್ಟುತ್ತದೆಯೇ ನೋಡಿ. ಹೆಂಗಸರ ದನಿಗೆ ಡಿ ಅಥವಾ ಇ ಶ್ರುತಿಯಿಂದ ಹುಡುಕಾಟ ಆರಂಭಿಸಬಹುದು. ಗಿಟಾರ್ ಕಲಿಯುತ್ತಿರುವವರಿಗೆ ಎಫ್ ಶಾರ್ಪ್ ಮೈನರ್‌ನ ಬ್ಯಾರೆ ಕಾರ್ಡ್ (ಒಂದೇ ಬೆರಳಿನಿಂದ ತಂತಿಗಳನ್ನೆಲ್ಲ ಅಡ್ಡಲಾಗಿ ಅದುಮುವ ಹಿಡಿತ) ಬೆರಳು ಮುರಿಯುತ್ತದೆ. ಅವರು 2ನೇ ಫ್ರೆಟ್‌ಗೆ ಕೇಪೊ (ತಂತಿಗಳನ್ನೆಲ್ಲ ಅದುಮಿ ಹಿಡಿಯುವ ಕ್ಲಿಪ್) ಹಾಕಿ ಜಿ, ಇ ಮೈನರ್, ಸಿ, ಡಿ ಹಿಡಿಯಲಿ, ಅದೇ ಎ ಶ್ರುತಿ ಬರುತ್ತದೆ. ಅಲ್ಲೇ ಕೇಪೊ ಇಟ್ಟು ಸಿ, ಎ ಮೈನರ್, ಎಫ್, ಜಿ ಹಿಡಿದರೆ ಡಿ ಶ್ರುತಿ. ಕೇಪೊವನ್ನು 4ಕ್ಕೆ ಏರಿಸಿದರೆ ಇ.

ಒಬ್ಬರೇ ಗಿಟಾರ್ ಹಿಡಿದು ಹಾಡುವಾಗ ಹೆಬ್ಬೆರಳಿಗೆ ಬೇಸ್‌ನ ಮೊದಲೆರಡು ಹೊಡೆತ ಕೊಡಿ, ಎರಡು ಮತ್ತು ನಾಲ್ಕನೆಯ ಎಣಿಕೆಗೆ ತಂತಿಯ ಮೇಲೆ ಅಂಗೈ ಬಡಿದು ‘ಟಕ್’ ಎನಿಸಿ. ‘ತಕ’ದ ನಡಿಗೆಯನ್ನು ಪ್ರತಿ ಬಾರ್‌ನಲ್ಲೂ ನುಡಿಸಬೇಕಿಲ್ಲ. ಕಾರ್ಡ್ ಬದಲಾಗುವ ಮುನ್ನ, ಅಂದರೆ 2, 4, 5, 6ನೇ ಬಾರ್‌ಗಳಲ್ಲಿ ನುಡಿಸಿದರೆ ಕಿವಿ ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ.

ಹಾಡುಗಾರಿಕೆಯಲ್ಲಿ ಶಾಸ್ತ್ರೀಯ ಸಂಗೀತ ಕಲಿತವರು ಮಾಡುವ ತಪ್ಪೇ ಬೇರೆ. ಉದ್ದನೆಯ ಸ್ವರ ಸಿಕ್ಕಿತೆಂದರೆ ಗಮಕ ತುಂಬುತ್ತಾರೆ. ಇಲ್ಲಿ ಉದ್ದ ಸ್ವರ ನೆಟ್ಟಗೆ ನಿಲ್ಲಬೇಕು, ಕೊನೆಯಲ್ಲಿ ಮಾತ್ರ ಸ್ವಲ್ಪ ಕಂಪಿಸಿ ಇಳಿಯಬೇಕು. ಹಾಗೆಯೇ ಸಾಲಿನ ಮೊದಲ ಪದವನ್ನು ಬೇಸ್‌ನ ಮೊದಲ ಹೊಡೆತದ ಮೇಲೇ ಕೂರಿಸಬೇಡಿ. ತುಸು ತಡಮಾಡಿ, ಬೇಸ್ ಬಿದ್ದ ಮೇಲೆ ಬನ್ನಿ. ಕಿಂಗ್ ಅವರ ನಿರಾಳತೆ ಬಹುಪಾಲು ಈ ತಡದಲ್ಲಿದೆ.

ಮನೆಯಲ್ಲಿ ಮುದ್ರಿಸುವಾಗ

ಕ್ರಮ ಹೀಗಿರಲಿ: ಕ್ಲಿಕ್, ಬೇಸ್, ಕೆರೆಯುವ ಸದ್ದು, ಕಾರ್ಡ್, ಮುಖ್ಯ ದನಿ, ಸಹದನಿ, ಕೊನೆಗೆ ತಂತಿವಾದ್ಯ. ಬೇಸ್‌ಗಿಂತ ಮೊದಲು ಗಿಟಾರ್ ಮುದ್ರಿಸಿದರೆ ಅದರ ಸ್ಟ್ರಮ್ಮಿಂಗ್‌ಗೆ ಬೇಸ್ ತಲೆಬಾಗುತ್ತದೆ, ಆಗಬೇಕಾದದ್ದು ತಿರುಗುಮುರುಗು. ಫೈಲ್ 24 ಬಿಟ್, 48 ಕಿಲೊಹರ್ಟ್ಸ್. ಜೋರಾಗಿ ಹಾಡಿದಾಗಲೂ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಿರಲಿ. ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ, ಅದರ ವಿಳಂಬಕ್ಕೆ ತಕಿಟ ಎಲ್ಲೋ, ನೀವೆಲ್ಲೋ. ವೈರ್ ಇರುವುದೇ ಬೇಕು. ಬಾಯಿಂದ ಮೈಕ್‌ಗೆ 15ರಿಂದ 20 ಸೆಂಟಿಮೀಟರ್. ಕೋಣೆ ಗುಂಯ್ಗುಡುತ್ತಿದ್ದರೆ ಬೆನ್ನ ಹಿಂದೆ ಒಂದು ದಪ್ಪ ಕೌದಿ ತೂಗುಹಾಕಿ, ಫ್ಯಾನ್ ನಿಲ್ಲಿಸಿ, ಕುಕ್ಕರ್ ಕೂಗುವ ಹೊತ್ತು ತಪ್ಪಿಸಿ.

ಕೆರೆಯುವ ಸದ್ದಿಗೆ ಗುಯಿರೊ ಎಂಬ ಗೀರುಗಳಿರುವ ಕೆರೆವಾದ್ಯ ಇಲ್ಲದಿದ್ದರೆ ಉಂಗುರ ಉಂಗುರ ಗೆರೆಯಿರುವ ಖಾಲಿ ಪ್ಲಾಸ್ಟಿಕ್ ನೀರಿನ ಬಾಟಲಿಯ ಮೇಲೆ ಬಾಲ್‌ಪೆನ್ ಎಳೆಯಿರಿ, ಮುಚ್ಚಳ ತೆಗೆದಿಟ್ಟರೆ ಸದ್ದು ತೆರೆದುಕೊಳ್ಳುತ್ತದೆ. ಟ್ರಯಾಂಗಲ್‌ಗೆ ಬದಲಾಗಿ ದಾರದಲ್ಲಿ ತೂಗುಬಿಟ್ಟ ಸ್ಟೀಲ್ ಚಮಚವನ್ನು ಇನ್ನೊಂದು ಚಮಚದಿಂದ ಮುಟ್ಟಿಸಿ. ಎರಡನ್ನೂ ಮಿಶ್ರಣದಲ್ಲಿ ತೀರಾ ಸಣ್ಣಗೆ ಇಡಿ. ‘ಕೇಳುತ್ತಿದೆಯೋ ಇಲ್ಲವೋ’ ಎಂಬಷ್ಟಿದ್ದು, ಮ್ಯೂಟ್ ಮಾಡಿದಾಗ ಏನೋ ಕಳೆದಂತಾದರೆ ಮಟ್ಟ ಸರಿಯಾಗಿದೆ.

ಕೇಳುಗರಲ್ಲಿ ಹೆಚ್ಚಿನವರು ಫೋನ್‌ನಲ್ಲೇ ಕೇಳುತ್ತಾರೆ. ಮೇಲೆ ಹೇಳಿದ ಜಾಗದಲ್ಲಿ ನುಡಿಸಿದ ಬೇಸ್‌ನ ಸ 110 ಹರ್ಟ್ಸ್, ಕೆಳಗಿನ ಗ 69 ಹರ್ಟ್ಸ್. ಫೋನಿನ ಪುಟ್ಟ ಸ್ಪೀಕರ್‌ಗೆ ಇವೆರಡೂ ಎಟುಕುವುದಿಲ್ಲ. ಬೇಸ್‌ನ ಮಟ್ಟ ಏರಿಸಿ ಪ್ರಯೋಜನವಿಲ್ಲ, ಹೆಡ್‌ಫೋನ್‌ನಲ್ಲಿ ಕೇಳುವವರ ಕಿವಿ ತುಂಬಿ ಗೊಜ್ಜಾಗುತ್ತದೆ, ಅಷ್ಟೆ. ಬದಲಿಗೆ ಬೇಸ್ ಟ್ರ್ಯಾಕ್‌ಗೆ ತುಸು ಸ್ಯಾಚುರೇಷನ್ (ಸದ್ದನ್ನು ಸ್ವಲ್ಪ ಒರಟಾಗಿಸುವ ಎಫೆಕ್ಟ್) ಕೊಡಿ. ಅದು ಮೇಲಿನ ಅನುಸ್ವರಗಳನ್ನು ಎಬ್ಬಿಸುತ್ತದೆ, ಮೂಲ ಸ್ವರ ಕೇಳದಿದ್ದರೂ ಕಿವಿ ಅದನ್ನು ಊಹಿಸಿಕೊಳ್ಳುತ್ತದೆ. ಗಿಟಾರ್ ಮತ್ತು ಕೀಬೋರ್ಡ್ ಟ್ರ್ಯಾಕ್‌ಗಳಲ್ಲಿ 150 ಹರ್ಟ್ಸ್‌ನ ಕೆಳಗಿನದನ್ನು ಕತ್ತರಿಸಿ ಬೇಸ್‌ಗೆ ಜಾಗ ಬಿಡಿ.

ಕನ್ನಡದಲ್ಲಿ ಹಾಡುವುದಾದರೆ, ಮತ್ತು ಹಕ್ಕು

ಕನ್ನಡಕ್ಕೆ ತರುವಾಗ ತೊಡಕು ಅರ್ಥದ್ದಲ್ಲ, ಮಾತ್ರೆಯದು. ಪಲ್ಲವಿಯ ಮೂರು ಪದಗಳೂ ಒಂದೊಂದೇ ಉಚ್ಚಾರ, ಮೂರಕ್ಕೂ ಎಳೆಯಲು ಜಾಗವಿದೆ. ‘ಜೊತೆಗಿರು’ ಅರ್ಥಕ್ಕೆ ಸರಿ, ಆದರೆ ನಾಲ್ಕೂ ಲಘು. ಎಳೆದರೆ ‘ಜೋತೇಗೀರೂ’ ಆಗಿ ಕನ್ನಡವೇ ಅಲ್ಲದಂತಾಗುತ್ತದೆ. ಗುರುಗಳಿರುವ ಮಾತು ಹುಡುಕಬೇಕು. ‘ನಿಲ್ಲು ಬಾ’ ಎಂದರೆ ನಿಲ್ ಗುರು, ಲು ಲಘು, ಬಾ ಗುರು, ನಡುವಿನದು ಬೇಗ ದಾಟಿ ಕೊನೆಯದರ ಮೇಲೆ ನಿಲ್ಲಬಹುದು. ಪದ್ಯದಲ್ಲೂ ಅಷ್ಟೆ, ಎಳೆಯುವ ಸ್ವರದ ಮೇಲೆ ದೀರ್ಘವೋ ಒತ್ತಕ್ಷರದ ಹಿಂದಿನ ಅಕ್ಷರವೋ ಬೀಳುವಂತೆ ಪದ ಕೂರಿಸಿ.

ಆದರೆ ಅನುವಾದಕ್ಕೆ ಹಕ್ಕುದಾರರ ಅನುಮತಿ ಬೇಕು, ಕವರ್‌ನ ಅನುಮತಿ ಅದಕ್ಕೆ ಸಾಲದು. ಹಾಡು ಹಳೆಯದೆಂದು ಹಕ್ಕು ಮುಗಿದಿಲ್ಲ. ಭಾರತದ ಕಾನೂನಿನಲ್ಲಿ ಜಂಟಿ ರಚನೆಯ ಹಕ್ಕು, ಕೊನೆಗೆ ತೀರಿಕೊಂಡ ರಚನಕಾರರ ಮರಣದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಲೀಬರ್ ತೀರಿಕೊಂಡದ್ದು 2011ರಲ್ಲಿ, ಕಿಂಗ್ 2015ರಲ್ಲಿ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 31ಸಿ ಕಲಮು ಕವರ್ ಮುದ್ರಣಕ್ಕೆ ಶಾಸನಬದ್ಧ ಪರವಾನಗಿಯ ದಾರಿ ಕೊಡುತ್ತದೆ: ಮೊದಲ ಮುದ್ರಣದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು, ಮುಂಚಿತವಾಗಿ ತಿಳಿಸಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಧನ ಕಟ್ಟಬೇಕು, ಕವರ್ ಎಂದು ಹೊದಿಕೆಯ ಮೇಲೆ ಹೇಳಬೇಕು. ಗೆಳೆಯರ ತಂಡದ ಕೈಗೆ ಇದು ಎಟುಕುವ ಮಾತಲ್ಲ. ಯೂಟ್ಯೂಬ್‌ನಲ್ಲಿ ಹಾಕಿದರೆ ಅದರ ಹಕ್ಕುಪತ್ತೆ ವ್ಯವಸ್ಥೆಯಾದ ಕಂಟೆಂಟ್ ಐಡಿ ರಾಗವನ್ನು ಗುರುತಿಸಿ, ಜಾಹೀರಾತಿನ ಹಣವನ್ನು ಪ್ರಕಾಶಕರ ಕಡೆಗೆ ತಿರುಗಿಸಬಹುದು ಅಥವಾ ವಿಡಿಯೊ ತಡೆಯಬಹುದು. ಕ್ಯಾರಿಯೋಕೆ ಟ್ರ್ಯಾಕ್ ಮೇಲೆ ಹಾಡಿದರೆ ಆ ಮುದ್ರಣದ ಹಕ್ಕು ಬೇರೆಯೇ, ಅದಕ್ಕೂ ಅನುಮತಿ ಬೇಕು. ವೇದಿಕೆಯಲ್ಲಿ ಹಾಡುವುದಾದರೆ ಐಪಿಆರ್‌ಎಸ್ (ಹಾಡು ರಚಿಸಿದವರ ಹಕ್ಕು ನೋಡಿಕೊಳ್ಳುವ ಸಂಸ್ಥೆ) ಪರವಾನಗಿ ಪಡೆದಿದ್ದಾರೆಯೇ ಎಂದು ಆಯೋಜಕರನ್ನು ಮೊದಲೇ ಕೇಳಿಬಿಡಿ.

ಮುಗಿಸುವುದು ಹೇಗೆ

ಮೂಲ ಮುದ್ರಣ ಮುಗಿಯುವುದಿಲ್ಲ, ಸದ್ದು ಇಳಿದು ಕರಗುತ್ತದೆ. ವೇದಿಕೆಯಲ್ಲಿ ಕರಗಲು ಬರುವುದಿಲ್ಲವಾದ್ದರಿಂದ ತಂಡಗಳು ಕೊನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತ ನಿಲ್ಲುತ್ತವೆ. ಮೊದಲೇ ಮಾತಾಡಿಕೊಳ್ಳಿ. ಕೊನೆಯ ಪಲ್ಲವಿಯ 7ನೇ ಬಾರ್‌ನ ಮೊದಲ ಹೊಡೆತಕ್ಕೆ ಎಲ್ಲರೂ ಸ ಮೇಲೆ ನಿಂತು ಬಿಡಲಿ, ಬೇಸ್ ಮಾತ್ರ 8ನೇ ಬಾರ್ ದಾಟಿ ಮುಂದಿನ ಸುತ್ತಿಗೆ ಹೋಗಲಿ. ಒಂದು ಪೂರ್ತಿ ಸುತ್ತು ಬೇಸ್ ಮತ್ತು ಬಾಟಲಿಯ ಕೆರೆತ, ಹಾಡು ತೆರೆದುಕೊಂಡ ಹಾಗೆಯೇ. ಆ ಸುತ್ತಿನ 7ನೇ ಬಾರ್‌ನಲ್ಲಿ ‘ತಕ’ ನುಡಿಸದೆ, ಸ ಒಂದನ್ನೇ ಮೀಟಿ, ತಂತಿ ತಾನಾಗಿ ನಿಲ್ಲುವವರೆಗೆ ಬಿಡಿ.